ಮೇಲೆ ನೋಡಿದರೆ ಹೌದು

ಹನೂರಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ವೇದಿಕೆಯ ಮೇಲೆ ಕುಸಿದು ಬಿದ್ದಾಗ ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ತಪ್ಪೇನೂ ಇಲ್ಲ. ಕುಡಿದವನೊಬ್ಬ ಬಸ್ಸು ಹತ್ತುವುದನ್ನು ನಾನು ಆಗ ಮಾಡಿ ತೋರಿಸುತ್ತಿದ್ದೆ. ಇಲ್ಲದ ಬಸ್ಸಿನ ಇಲ್ಲದ ಮೆಟ್ಟಿಲಿಗೆ ಬಲಗಾಲು ಎತ್ತಿದೆ, ಎಡಗಾಲು ನನ್ನನ್ನು ಹೊರಲಿಲ್ಲ. ಏಳಲು ಹೋಗಿ ಮತ್ತೆ ಬಿದ್ದೆ. "ಒನ್ಸ್ ಮೋರ್!" ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಆರು ವರ್ಷ ಮದುವೆ ಮನೆ, ಶಾಲೆ, ಗಣಪತಿ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡಿದವನಿಗೆ ಒನ್ಸ್ ಮೋರ್ ಸಿಕ್ಕಿದ್ದು ಅದೊಂದೇ ಸಲ. ನನ್ನ ಜೊತೆ ಕಾರ್ಯಕ್ರಮ ನಡೆಸಿಕೊಡುವ ಗೆಳೆಯ ಮಂಜ ಹತ್ತಿರ ಬಂದು, "ಎದ್ದೇಳ್ಲಾ ಲೋಕಿ, ಸಾಕು ನಾಟ್ಕ" ಎಂದ. "ಏಳಕ್ಕಾಯ್ತಿಲ್ಲ ಕಣ್ಲಾ" ಎಂದೆ. ಅವನ ಕೈಯಲ್ಲಿದ್ದ ಮೈಕಿನಲ್ಲಿ ಅದೂ ಕೇಳಿಸಿ ಇನ್ನೊಂದು ಸುತ್ತು ನಗು ಎದ್ದಿತು.

ನರಗಳು ಸೋತು ಮೈಯೆಲ್ಲ ಮರಗಟ್ಟುವ ಈ ಕಾಯಿಲೆಗೆ ಜಿ.ಬಿ.ಎಸ್. ಎನ್ನುತ್ತಾರೆ. ಅದೇನು, ಯಾಕೆ ಬರುತ್ತದೆ ಎಂದು ಫೋನಿನಲ್ಲಿ ಹುಡುಕಿದರೆ ನನಗಿಂತ ಚೆನ್ನಾಗಿ ಹೇಳುವವರು ಸಿಗುತ್ತಾರೆ. ನಾನು ಹುಡುಕಿದಾಗ ಸಿಗದೇ ಹೋದದ್ದು ಒಂದೇ: ಹಾಗೆ ಮರಗಟ್ಟಿ ಮಲಗಿದವನ ತಲೆಯೊಳಗೆ ಏನು ನಡೆಯುತ್ತಿತ್ತು ಅನ್ನುವುದು. ಅದನ್ನು ಬರೆಯುತ್ತೇನೆ. ಅಂಥ ಮಂಚವೊಂದರ ಪಕ್ಕ ಸ್ಟೂಲಿನ ಮೇಲೆ ಕೂತು ಯಾರಾದರೂ ಇದನ್ನು ಓದುತ್ತಿದ್ದರೆ, ಮಲಗಿದವರಿಗೆ ಎಲ್ಲವೂ ಕೇಳಿಸುತ್ತಿದೆ ಎಂದು ಮೊದಲು ತಿಳಿದುಕೊಳ್ಳಿ. ಮಾತು ನೋಡಿಕೊಂಡು ಆಡಿ.

ನಮ್ಮದು ಕೊಳ್ಳೇಗಾಲ. ರೇಷ್ಮೆ ಸೀರೆ ನೇಯುವ ಮನೆ. ಮನೆಗೆ ಇರುವುದು ಒಂದೇ ಹಜಾರ, ಹಜಾರದಲ್ಲಿ ಇರುವುದು ಒಂದೇ ಮಗ್ಗ. ಗುಂಡಿಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂರುತ್ತಾನೆ. ಕಾಲಲ್ಲಿ ತುಳಿದರೆ ಎಳೆಗಳು ಏಳುತ್ತವೆ, ಬೀಳುತ್ತವೆ, ನಡುವೆ ಲಾಳಿ ಓಡುತ್ತದೆ. ನನಗೆ ಮಾತು ಬರುವ ಮುಂಚೆಯೇ ಆ ಸದ್ದು ಬಾಯಲ್ಲಿ ಬರುತ್ತಿತ್ತಂತೆ. ಟಕ್, ಸುಯ್ಯ್, ಟಕ್, ದಬ್. ದೊಡ್ಡವನಾದ ಮೇಲೆ ಅದನ್ನೇ ಕಸುಬು ಮಾಡಿಕೊಂಡೆ. ಅಪ್ಪ ಹೊರಗೆ ಹೋಗುವಾಗ "ಒಂದು ಗೇಣು ನೇಯ್ದಿರ್ಲಾ" ಎಂದರೆ ಗುಂಡಿಯಲ್ಲಿ ಕಾಲಿಟ್ಟು, ಮೊಬೈಲು ನೋಡುತ್ತ, ಬಾಯಲ್ಲೇ ನೇಯುತ್ತಿದ್ದೆ. ಅಡುಗೆಮನೆಯಲ್ಲಿ ಅವ್ವ, "ಪಾಪ, ಕೂಸು ಕೆಲ್ಸ ಮಾಡ್ತಾ ಅದೆ" ಎಂದು ಬೆಲ್ಲದ ಕಾಫಿ ತಂದು ಕೊಡುತ್ತಿದ್ದಳು. ಬಟ್ಟೆ ಒಂದು ಬೆರಳೂ ಬೆಳೆಯದಿರುವುದು ಯಾರಿಗೂ ಗೊತ್ತಾಗುವುದಿಲ್ಲ ಎಂದು ನಂಬಿಕೊಂಡಿದ್ದ ಬುದ್ಧಿವಂತ ನಾನು.

ಇನ್ನೊಂದು ಚಾಳಿಯೂ ಇತ್ತು. ಎದುರಿಗೆ ಕೂತವರ ದನಿಯಲ್ಲೇ ಅವರಿಗೆ ಹೂಂ ಅನ್ನುವುದು. ಯಳಂದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಮನೆಗೆ ಬಂದು, "ಏನಪ್ಪ ಅಳಿಯ, ಈ ಗುಂಡಿ ಮುಚ್ಚುಸ್ಬುಟ್ಟು ರಸ್ತೆ ಕಡೀಕೆ ಶಟ್ರು ಹಾಕುಸ್ಬುಟ್ರೆ ನಿಂಗೊಂದು ಅಂಗ್ಡಿ ಆಯ್ತದೆ" ಎಂದರೆ, ನಾನು ಅವನ ಮೂಗಿನ ದನಿಯಲ್ಲೇ, "ಆಯ್ತದೆ ಮಾವ, ಆಗ್ದೇ ಏನು" ಎನ್ನುತ್ತಿದ್ದೆ. ಅವ್ವನಿಗೆ ಸರ್ಕಾರಿ ಕೆಲಸದ ಪರೀಕ್ಷೆ ಬರೆಯುತ್ತೇನೆ ಎಂದಿದ್ದೆ. ಮಂಜನಿಗೆ ಇಬ್ಬರೂ ಸೇರಿ ಕಾಮಿಡಿ ಚಾನೆಲ್ ಮಾಡೋಣ ಎಂದಿದ್ದೆ. ಅಪ್ಪನಿಗೆ ಶ್ರಾವಣ ಕಳೆಯಲಿ, ಮಗ್ಗಕ್ಕೆ ಕೂರುತ್ತೇನೆ ಎಂದಿದ್ದೆ. ಎಷ್ಟು ಶ್ರಾವಣ ಕಳೆದವು. ಎಲ್ಲರೂ ನಗುತ್ತಿದ್ದರು, ಎಲ್ಲರೂ ನಂಬುತ್ತಿದ್ದರು. ನಿಜವಾಗಿ ನಿನಗೆ ಏನು ಬೇಕೋ ಎಂದು ಯಾರಾದರೂ ಕೇಳಿದ್ದರೆ ಅವರ ದನಿಯಲ್ಲೇ "ಏನು ಬೇಕೋ?" ಎಂದು ವಾಪಸ್ ಕೇಳಿ ಚಹಾ ತರಿಸಿಕೊಂಡು ಕುಡಿದಿರುತ್ತಿದ್ದೆ.

ಹನೂರಿನಿಂದ ಮಂಜ ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿಕೊಂಡು ಬಂದ. ಒಂದು ವಾರದ ಹಿಂದೆ ಮದುವೆ ಊಟ ಮಾಡಿ ಭೇದಿ ಆಗಿತ್ತು, ಎರಡು ದಿನದಿಂದ ಪಾದದಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ಸುಸ್ತು ಎಂದುಕೊಂಡಿದ್ದೆ. ಕೊಳ್ಳೇಗಾಲದ ಡಾಕ್ಟರು ರಬ್ಬರಿನ ಸುತ್ತಿಗೆಯಿಂದ ನನ್ನ ಮೊಣಕಾಲಿಗೆ ಒಂದು ಕೊಟ್ಟರು. ಕಾಲು ಸುಮ್ಮನಿತ್ತು. ಇನ್ನೊಂದು ಕೊಟ್ಟರು. ಪರರ ಮನೆಯ ಕಾಲಿನ ಹಾಗೆ ಅದು ಅಲ್ಲೇ ಬಿದ್ದಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಜನ ಕನ್ನಡಕ ಒರೆಸುವುದನ್ನು ನಾನು ಬಹಳ ಸಲ ವೇದಿಕೆಯಲ್ಲಿ ಮಾಡಿ ತೋರಿಸಿದ್ದೇನೆ. ಹೆದರಿದವರು ಒರೆಸುವ ರೀತಿಯೇ ಬೇರೆ.

"ಮೈಸೂರಿಗೆ ಈಗ್ಲೇ ಕರ್ಕೊಂಡು ಹೋಗಿ" ಎಂದರು.

"ಊಟ ಮಾಡ್ಕಂಡು ಓಯ್ತೀವಿ ಸಾ" ಎಂದಳು ಅವ್ವ.

"ಈಗ್ಲೇ ಅಮ್ಮ."

ಮೈಸೂರಿನ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಎರಡು ಗಂಟೆಗೊಮ್ಮೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀರಿ? ಮೊದಲ ಸಲ ಇಪ್ಪತ್ತಾರರವರೆಗೆ ಹೋದೆ, ನಮ್ಮ ಮೇಷ್ಟ್ರ ಮಗ್ಗಿ ಹೇಳುವ ರಾಗದಲ್ಲಿ. ಸಿಸ್ಟರು ನಕ್ಕರು. ಎರಡನೆಯ ಸಲ ಹದಿನೇಳು. ರಾಗ ಬಿಟ್ಟೆ. ಆಮೇಲೆ ಹನ್ನೊಂದು. ಅವ್ವ ಬಾಗಿಲ ಬಳಿ ನಿಂತು ನನ್ನ ಜೊತೆ ತಾನೂ ಎಣಿಸುತ್ತಿದ್ದಳು, ಎಣಿಸಿದರೆ ನನಗೆ ಸಹಾಯವಾಗುತ್ತದೇನೋ ಎನ್ನುವ ಹಾಗೆ. ನಾನು ಆರಕ್ಕೆ ನಿಂತೆ. ಅವಳು "ಏಳು, ಎಂಟು" ಎಂದು ಇನ್ನೂ ಹೇಳುತ್ತಿದ್ದಳು. ಆಮೇಲೆ ಬಾಯಿಗೆ ಸೆರಗು ಇಟ್ಟುಕೊಂಡಳು.

ಗಂಟಲಿಗೆ ನಳಿಕೆ ಹಾಕಿದರು. ಉಸಿರಾಡುವ ಕೆಲಸವನ್ನು ಮಂಚದ ಪಕ್ಕದ ಮಿಷನ್ನು ವಹಿಸಿಕೊಂಡಿತು. ಕೆಲವು ದಿನಗಳ ಮೇಲೆ ಕತ್ತಿನಲ್ಲಿ ತೂತು ಮಾಡಿ ನಳಿಕೆಯನ್ನು ಅಲ್ಲಿಗೆ ವರ್ಗಾಯಿಸಿದರು. ಅಷ್ಟರಲ್ಲಿ ಕೈ ಹೋಗಿತ್ತು, ಮುಖವೂ ಹೋಗಿತ್ತು. ರೆಪ್ಪೆ ಮುಚ್ಚಲೂ ಬಾರದು. ಮಲಗಿಸುವಾಗ ಸಿಸ್ಟರು ಕಣ್ಣಿಗೆ ಔಷಧಿ ಹಚ್ಚಿ ಪಟ್ಟಿ ಅಂಟಿಸುತ್ತಿದ್ದರು. ಊರನ್ನೆಲ್ಲ ಅಣಕಿಸಿದ ಮುಖ ಒಣಗಲು ಹಾಕಿದ ಬಟ್ಟೆಯಂತೆ ಜೋತಾಡಿತು. ಉಳಿದದ್ದು ಕಣ್ಣಗುಡ್ಡೆ ಮಾತ್ರ. ಅದೂ ಮೇಲೆ, ಕೆಳಗೆ.

"ಹೌದು ಅಂದ್ರೆ ಮೇಲೆ ನೋಡಪ್ಪ, ಇಲ್ಲ ಅಂದ್ರೆ ಕೆಳಗೆ ನೋಡು" ಎಂದು ಸಿಸ್ಟರು ಕಲಿಸಿಕೊಟ್ಟರು. ನನ್ನ ಎದುರಿಗೇ ಮನೆಯವರಿಗೂ ಹೇಳಿದರು. ದಿನಕ್ಕೆ ಎರಡು ಸಲ ಹತ್ತತ್ತು ನಿಮಿಷ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು, ಹೊತ್ತು ಮುಗಿದರೆ ಗಂಟೆ ಹೊಡೆಯುತ್ತಿದ್ದರು.

ಅವ್ವ ಬಂದವಳು ಹಣೆಗೆ ಮಾದಪ್ಪನ ವಿಭೂತಿ ಇಟ್ಟು, "ಮಗಾ, ನೀನು ಎದ್ಮೇಲೆ ಬೆಟ್ಟಕ್ಕೆ ನಡ್ಕಂಡೇ ಬತ್ತನೆ ಅಂತ ಅರಕೆ ಒತ್ಕಂಡಿವ್ನಿ. ಆಯ್ತಾ?" ಎಂದಳು. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ನಡೆಯುವುದು ಎಂದರೆ ನನ್ನ ಹಳೆಯ ಕಾಲುಗಳಿಗೂ ಜ್ವರ ಬರುತ್ತಿತ್ತು. ನಾನು ಸ್ಪಷ್ಟವಾಗಿ ಕೆಳಗೆ ನೋಡಿದೆ. ಅವ್ವ ಹೊರಗೆ ಹೋಗಿ ಅಪ್ಪನಿಗೆ, "ಮಾದಪ್ಪನ ಎಸ್ರು ಎತ್ತುತ್ಲೂ ಭಕ್ತಿಯಿಂದ ಕಣ್ಣು ತಗ್ಗುಸ್ದ" ಎಂದದ್ದು ಗಾಜಿನ ಬಾಗಿಲ ಸಂದಿಯಿಂದ ಕೇಳಿಸಿತು. ನಗು ಬಂತು. ನಗಲು ಯಾವ ಅಂಗವೂ ಇರಲಿಲ್ಲ. ಒಳಗೇ ಹುಟ್ಟಿ ಒಳಗೇ ಉಳಿದ ನಗು ಎಷ್ಟು ನೋಯುತ್ತದೆ ಎಂದು ಅವತ್ತು ಗೊತ್ತಾಯಿತು.

ಅಪ್ಪನಿಗೆ ಮಾತ್ರ ಎರಡನೆಯ ಸಲ ಹೇಳಬೇಕಾಗಲಿಲ್ಲ. ನಮ್ಮ ಮಗ್ಗದ ಮೇಲೆ ಅಂಚಿನ ಬಳ್ಳಿ, ಹೂವು ಮೂಡಿಸಲು ತೂತು ಹೊಡೆದ ರಟ್ಟುಗಳ ಸರಣಿ ಇರುತ್ತದೆ. ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಅಷ್ಟರಲ್ಲೇ ನವಿಲೂ ಬರುತ್ತದೆ, ಮಾವಿನಕಾಯಿಯೂ ಬರುತ್ತದೆ. ಅಪ್ಪ ನನ್ನ ಕಣ್ಣನ್ನೇ ನೋಡುತ್ತ, "ಎದ್ರೆ ಔದು, ಬಿದ್ರೆ ಇಲ್ಲ. ಅಷ್ಟೇ ತಾನೆ" ಎಂದ. ಮರುದಿನ ಒಂದನೇ ತರಗತಿಯ ವರ್ಣಮಾಲೆಯ ಪಟ ಕೊಂಡು ತಂದ, ಅಕ್ಷರಕ್ಕೊಂದು ಚೌಕದ ಮನೆ ಇದ್ದದ್ದು. ಸಾಲು, ಮನೆ, ಸಾಲು, ಮನೆ. ಅವನಿಗೆ ಅದು ಅಕ್ಷರವಲ್ಲ, ಸೀರೆಯ ಡಿಸೈನು. ಬೆರಳಿಟ್ಟು, "ಈ ಸಾಲಾ? ಈ ಸಾಲಾ?" ಎಂದು ಕೇಳುವನು. ನಾನು ಮೇಲೆ ನೋಡಿದ ಕೂಡಲೇ ಅಡ್ಡಕ್ಕೆ ಹೋಗುವನು.

ಮೊದಲ ದಿನ ಕೇಳಿದ: "ಏನ್ ಬೇಕ್ಲಾ ನಿಂಗೆ?"

ಹತ್ತು ನಿಮಿಷ ಹಿಡಿದು ನಾನು ಹೇಳಿದ್ದು: ಕಿವಿ.

"ಕಿವಿ? ಕಿವಿ ಕೇಳುಸ್ತಿಲ್ವಾ?" ಕೆಳಗೆ. "ನೋವಾ?" ಕೆಳಗೆ. "ನವೆಯಾ?" ಮೇಲೆ, ಮೇಲೆ, ಮೇಲೆ. ಅಪ್ಪ ತೋರುಬೆರಳಿನಿಂದ ನನ್ನ ಎಡಗಿವಿಯ ಹಿಂದೆ ಕೆರೆದ. ಅಷ್ಟು ಸುಖ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಇಪ್ಪತ್ನಾಲ್ಕು ವರ್ಷ ಬಾಯಿ ಇದ್ದಾಗ ಏನೇನೋ ಕೇಳಿದ್ದೆ, ಒಂದೂ ನೆನಪಿಲ್ಲ. ಅಕ್ಷರ ಒಂದಕ್ಕೆ ಇಷ್ಟು ಕಷ್ಟಪಡಬೇಕಾದರೆ ಸುಳ್ಳು ಹೇಳಲು ಮನಸ್ಸಾಗುವುದಿಲ್ಲ. ಹೂಂ ಎಂದು ನಗಿಸಲೂ ಆಗುವುದಿಲ್ಲ. ಬೇಕಾದ್ದನ್ನು ಮಾತ್ರ ಕೇಳಬೇಕು.

ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಹೂಂ ವಸೂಲು ಮಾಡಲು ಬಂದರು. ಪ್ರೀತಿಯಿಂದಲೇ ಬಂದರು. ಮಂಜ ಬಂದು, "ಚಾನೆಲ್‌ಗೆ ಎಸ್ರು ಇಟ್ಟಿವ್ನಿ, ನೀನು ಎದ್ದು ಬಾ" ಎಂದು ಅತ್ತ. ಅವ್ವ ಪರೀಕ್ಷೆಯ ಪುಸ್ತಕ ತಂದು ತಲೆದಿಂಬಿನ ಪಕ್ಕ ಇಟ್ಟಳು. ಸಿಸ್ಟರು ತೆಗೆದಿಟ್ಟರು. ಮಾವ ಬಂದು ಕಾಲ ಬಳಿ ನಿಂತು ಮೂಗಿನಲ್ಲಿ ಹೇಳಿದ: "ಯೋಚ್ನೆ ಮಾಡ್ಬ್ಯಾಡ ಅಳಿಯ. ನಿಂತ್ಕಂಡು ಮಾಡೋ ಕೆಲ್ಸ ಇನ್ಮೇಲೆ ನಿಂಗೆ ಆಗಾಕಿಲ್ಲ. ಕುಂತ್ಕಂಡು ಫೋನ್ ರಿಪೇರಿ ಮಾಡು. ನೀನೇ ಹೂಂ ಅಂದಿದ್ಯಲ್ಲ. ಬರೋ ಸ್ವಾಮಾರ ಆ ಗುಂಡಿ ಮುಚ್ಚುಸ್ಬುಡ್ತೀವಿ."

ನಾನು ಕೆಳಗೆ ನೋಡಿದೆ. ಮಾವ ಆಗಲೇ ಹೊರಗೆ ಹೊರಟು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ.

ಅಲ್ಲಿಯವರೆಗೆ ಆ ಗುಂಡಿಯ ಬಗ್ಗೆ ನನಗೆ ಏನೂ ಅನಿಸಿರಲಿಲ್ಲ. ಈಗ ಅದು ಮುಚ್ಚಿಹೋಗುತ್ತದೆ ಎಂದರೆ ಹೆದರಿಕೆಯಾಯಿತು. ಕಾಯಿಲೆಯ ಭಯ ಇರಬೇಕು ಎಂದುಕೊಂಡೆ. ಮಿಷನ್ನು ಉಸಿರು ಒತ್ತುತ್ತಿತ್ತು, ಬಿಡುತ್ತಿತ್ತು. ಮೊದಲ ದಿನಗಳಿಂದ ನಾನು ಆ ಸದ್ದಿಗೆ ಮನಸ್ಸಿನಲ್ಲೇ ಲಾಳಿ ಓಡಿಸುತ್ತಿದ್ದೆ ಎನ್ನುವುದು ಆಗ ಗಮನಕ್ಕೆ ಬಂತು. ಹೆದರಿಕೆಯಾದಾಗೆಲ್ಲ ಒಂದು ಗೇಣು, ಎರಡು ಗೇಣು ನೇಯುತ್ತಿದ್ದೆ. ಅಣಕಿಸುವವನಿಗೆ ಒಂದು ವಿಷಯ ಗೊತ್ತಿರುತ್ತದೆ. ಯಾರನ್ನಾದರೂ ಅಣಕಿಸಬೇಕಾದರೆ ಅವರನ್ನು ಬಹಳ ಹೊತ್ತು ನೋಡಬೇಕು. ಮೇಷ್ಟ್ರನ್ನು ಒಂದು ವರ್ಷ ನೋಡಿದ್ದೆ, ಮಾವನನ್ನು ಹಬ್ಬ ಹುಣ್ಣಿಮೆಗಳಲ್ಲಿ ನೋಡಿದ್ದೆ. ಆ ಗುಂಡಿಯಲ್ಲಿ ಕೂತ ಅಪ್ಪನ ಬೆನ್ನನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಇಷ್ಟವಿಲ್ಲದ್ದನ್ನು ಯಾರು ಅಷ್ಟು ಹೊತ್ತು ನೋಡುತ್ತಾರೆ? ಅಲ್ಲಿ ಕೂರಬೇಕು. ಅಷ್ಟೇ. ಇಷ್ಟು ಸಣ್ಣ ವಿಷಯ ತಿಳಿಯಲು ಕೈಯೂ ಕಾಲೂ ಬಾಯಿಯೂ ಹೋಗಬೇಕಾಯಿತು. ತಿಳಿದ ಹೊತ್ತಿಗೆ ತುಳಿಯಲು ಕಾಲು ಇರಲಿಲ್ಲ. ನಗಬೇಕಾದ ವಿಷಯವೇ. ಸೋಮವಾರ ಹತ್ತಿರ ಬರುತ್ತಿತ್ತು.

ಮರುದಿನ ಅಪ್ಪ ಬಂದಾಗ ಕಾಯುತ್ತಿದ್ದೆ. ಅವನು ಪಟ ಬಿಚ್ಚುವ ಮೊದಲೇ ಮೇಲೆ ನೋಡಿದೆ. ಸಾಲು, ಮನೆ, ಸಾಲು, ಮನೆ. ಮಗ್ಗ.

ಅಪ್ಪನ ಮುಖ ಸಡಿಲವಾಯಿತು. "ಮಗ್ಗದ ಚಿಂತೆ ಯಾಕ್ಲಾ ನಿಂಗೆ? ನೀನು ಬಿದ್ದಾಗ್ಲಿಂದ ನಾನೇ ಕುಂತಿಲ್ಲ. ಬುಡು, ಅದ್ರ ಯೋಚ್ನೆ ಮಾಡ್ಬ್ಯಾಡ." ಕೆಳಗೆ ನೋಡಿದೆ. "ಊಂ, ಮಾಡ್ಬ್ಯಾಡ ಅಂದ್ನಲ್ಲ." ಕೆಳಗೆ, ಕೆಳಗೆ. ಗಂಟೆ ಹೊಡೆಯಿತು. ಅಪ್ಪ ಪಟ ಸುತ್ತಿಕೊಂಡು ನನ್ನ ಕಿವಿಯ ಹಿಂದೆ ಒಂದು ಸಲ ಕೆರೆದು ಹೋದ. ಅವತ್ತು ಅಲ್ಲಿ ನವೆಯೇ ಇರಲಿಲ್ಲ.

ಸಂಜೆ ಅವ್ವನ ಸರದಿ. ಅವಳ ಹತ್ತಿರ ಪಟವಿಲ್ಲ, ಪ್ರಶ್ನೆಗಳಿವೆ. "ಚಳಿಯಾ? ಹಸಿವಾ? ದೇವ್ರ ಫೋಟ ತಂದಿಡ್ಲಾ?" ಕಣ್ಣು ಕೆಳಗಿಟ್ಟುಕೊಂಡೇ ಹತ್ತು ನಿಮಿಷ ಕಳೆದೆ. ಹೇಳಬೇಕಾದ ಮಾತೊಂದೇ ಇದ್ದು, ಕೇಳುವವರು ಬೇರೆಯದನ್ನೇ ಕೇಳುತ್ತಿದ್ದರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ನಾನೇ ವರ್ಷಗಟ್ಟಲೆ ಎಲ್ಲರಿಗೂ ಅದನ್ನೇ ಮಾಡಿದ್ದೆ.

ಮಾರನೆಯ ಬೆಳಿಗ್ಗೆ ಮತ್ತೆ ಅಪ್ಪ. ಈ ಸಲ ಮುಂದಿನ ಮಾತಿನಿಂದ ಶುರು ಮಾಡಿದೆ. ಬೇಕು. ಅಪ್ಪ, "ಏನು?" ಎಂದ. ಆಮೇಲೆ ಮ. ಗ. ಮೂರನೆಯ ಅಕ್ಷರಕ್ಕೆ ಅವನ ಬೆರಳು ಪಟದ ಮೇಲೆ ಹೋಗಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಯಾರ್ಗೆ? ನಿಂಗಾ?"

ಮೇಲೆ.

"ನೇಯಾಕಾ?"

ಮೇಲೆ.

ಅಪ್ಪ ಪಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಬಗ್ಗಿ, ಮುಖಕ್ಕೆ ಕಟ್ಟಿಕೊಂಡ ಮಾಸ್ಕಿನೊಳಗಿಂದ ಮೆಲ್ಲಗೆ ಕೇಳಿದ: "ಬಾಯ್ನಲ್ಲೋ, ಕೈಯಲ್ಲೋ?"

ಅವನಿಗೆ ಗೊತ್ತಿತ್ತು. ಅಷ್ಟು ವರ್ಷವೂ ಗೊತ್ತಿತ್ತು. ಹೌದು, ಇಲ್ಲ ಎರಡರಲ್ಲೂ ಉತ್ತರ ಹೇಳಲಾಗದ ಪ್ರಶ್ನೆ. ಮುಚ್ಚಲಾರದ ನನ್ನ ಕಣ್ಣುಗಳಿಂದ ನೀರು ಇಳಿದು, ಅದೇ ಕಿವಿಯ ಹಿಂದೆ ಹೋಯಿತು. ಗಂಟೆ ಹೊಡೆಯಿತು.

ಆ ಸೋಮವಾರ ಏನಾಯಿತು ಎಂದು ನನಗೆ ಯಾರೂ ಹೇಳಲಿಲ್ಲ. ಕೇಳಬಹುದಿತ್ತು, ಪಟ ಇತ್ತು. ಕೇಳಲು ಧೈರ್ಯ ಇರಲಿಲ್ಲ. ಒಂದೊಂದೇ ಬೆರಳು ಬಂತು, ಮಿಷನ್ನು ಹೋಯಿತು, ಕತ್ತಿನ ತೂತು ಕೂಡಿಕೊಂಡಿತು. ಹೊರಬಂದ ಮೊದಲ ದನಿ ಹರಿದ ಚೀಲದ್ದು. ಯಾರನ್ನು ಅಣಕಿಸಿದರೂ ಎಲ್ಲರೂ ಒಂದೇ ತರಹ ಕೇಳಿಸುತ್ತಿದ್ದರು. ಸಿಸ್ಟರು, "ಇದು ಯಾರ ದನಿ ಲೋಕೇಶ್?" ಎಂದರು. "ನಂದೇ ಇರ್ಬೇಕು ಸಿಸ್ಟರ್. ಬೇರೆ ಯಾರೂ ಕೇಳ್ಕಂಡು ಬಂದಿಲ್ಲ" ಎಂದೆ.

ಮೂರು ತಿಂಗಳು ಕಳೆದ ಮೇಲೆ ಮನೆಗೆ ತಂದರು. ಮಾವನೂ ಮಂಜನೂ ನನ್ನನ್ನು ಹೊತ್ತು ಹೊಸ್ತಿಲು ದಾಟಿಸಿದರು. ಹಜಾರ ಬಯಲಾಗಿತ್ತು. ಮಗ್ಗ ಇರಲಿಲ್ಲ. ಗುಂಡಿ ಇದ್ದ ಕಡೆ ಕಲ್ಲು ಹಾಸು. ಅದರ ಮೇಲೆ ನನ್ನ ಮಂಚ.

ನಾನು ಮಾವನ ಕಡೆ ತಿರುಗಿ ನನಗೆ ಬಂದಷ್ಟು ಸಿಟ್ಟನ್ನೆಲ್ಲ ಮಾಡಿದೆ. ಮುಖದ ಬಲಭಾಗ ಮಾತ್ರ ಸಿಟ್ಟಾಯಿತು, ಎಡಭಾಗ ಅತಿಥಿಯನ್ನು ಬರಮಾಡಿಕೊಳ್ಳುತ್ತಿತ್ತು. ಮಾವ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. "ನಾನಲ್ಲ ಕಣಪ್ಪೋ! ಮಾದಪ್ಪನಾಣೆ ನಾನಲ್ಲ. ಆ ಸ್ವಾಮಾರ ಆಳು ಕರ್ಕಂಡು ಬಂದಾಗ ನಿಮ್ಮಪ್ಪ ಬಯ್ದು ಕಳುಸ್ಬುಟ್ಟ. ಆಮೇಲೆ ತಾನೇ ಮುಚ್ದ."

ಅಪ್ಪ ನನ್ನ ಕಾಲಡಿಗೆ ದಿಂಬು ಇಡುತ್ತಿದ್ದ. ತಲೆ ಎತ್ತಲಿಲ್ಲ. "ಕಾಲಿನ ಡಾಕ್ಟ್ರು ಏನಂದ್ರು? ಮಟ್ಟಸ ನೆಲ್ದ ಮ್ಯಾಲೆ ದಿನಾ ನಡುಸ್ಬೇಕು, ಒಂದೇ ಒಂದು ತಗ್ಗಿದ್ರೂ ಬೀಳ್ತನೆ ಅಂದ್ರು. ನಮ್ಮನೇಲಿ ನಡ್ಯಾಕೆ ಇನ್ನೆಲ್ಲಿ ಜಾಗ ಅದೆ? ನೀನು ಕೇಳಿದ್ದು ಗೊತ್ತಿತ್ತು ಕಣ್ಲಾ ನಂಗೆ. ಗೊತ್ತಿದ್ಕಂಡೇ ಮುಚ್ಚಿವ್ನಿ."

ಬೇಕಾದ್ದನ್ನು ಜನ್ಮದಲ್ಲಿ ಒಂದು ಸಲ ಸರಿಯಾಗಿ ಕೇಳಿದ್ದೆ. ಕೇಳಿದ್ದು ಸರಿಯಾಗಿ ತಲುಪಿಯೂ ಇತ್ತು. ನಾನು ಮತ್ತೆ ನಿಲ್ಲಲಿ ಎಂದೇ ಅಪ್ಪ ನಾನು ಕೂರಬೇಕಾದ ಜಾಗವನ್ನು ಮುಚ್ಚಿದ್ದ. ಬೈಯಲು ಯಾರೂ ಇರಲಿಲ್ಲ.

ನಡೆಯುವ ಹೊತ್ತಿಗೆ ಮಂಚ ಸರಿಸಿ, ಆ ಕಲ್ಲುಗಳ ಮೇಲೇ ನಡೆಯುವುದನ್ನು ಕಲಿತೆ. ಗೋಡೆಯಿಂದ ಗೋಡೆಗೆ ಎಂಟು ಹೆಜ್ಜೆ, ವಾಕರು ಹಿಡಿದು. ಪಾದ ಇನ್ನೂ ಮೇಲೆ ಏಳುವುದಿಲ್ಲ, ಮುಂಗಾಲು ನೆಲ ಗುಡಿಸುತ್ತದೆ. ಬರಬಹುದು, ಇನ್ನೂ ಒಂದು ವರ್ಷ ಹಿಡಿಯಬಹುದು, ಬಾರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಬೆರಳ ತುದಿಗೆ ರೇಷ್ಮೆಯ ಎಳೆ ತಿಳಿಯುವುದಿಲ್ಲ. ಅಪ್ಪ ಅಭ್ಯಾಸಕ್ಕೆಂದು ಕೊಟ್ಟ, ನೂಲು ಸುತ್ತಿದ ಕಂಡಿಕೆಯಿಂದ ಎಳೆ ಹಿಡಿಯಲು ಹೋದರೆ ಗಾಳಿ ಹಿಡಿದ ಹಾಗೆ. ಹೊರಗೆ ಹೋದರೆ ಜನ, "ಈಗ ನಿಮ್ಮಾವನ್ನ ಮಾಡು ನೋಡಣ" ಎನ್ನುತ್ತಾರೆ. ಮಾಡುತ್ತೇನೆ. ಯಾರೂ ನಗುವುದಿಲ್ಲ. ಹೋಲುವುದಿಲ್ಲವಲ್ಲ. ಮಾವ ಇದ್ದರೆ ಅವನೊಬ್ಬ ಜೋರಾಗಿ ನಗುತ್ತಾನೆ, ಪಾಪ.

ಒಂದು ದಿನ ನಡೆಯುವಾಗ ಎರಡು ಕಲ್ಲುಗಳ ನಡುವೆ ಪಾದಕ್ಕೆ ಸಣ್ಣಗೆ ಏನೋ ಸಿಕ್ಕಿತು. ಮರಳು. ಬಗ್ಗಿ ನೋಡಿದೆ. ಕಲ್ಲಿನ ಸಂದಿಗೆ ಸಿಮೆಂಟು ತುಂಬಿರಲಿಲ್ಲ. ಅಟ್ಟದ ಮೇಲೆ ಮಗ್ಗದ ಮರಗಳು ಹಳೆಯ ಪಂಚೆಯಲ್ಲಿ ಸುತ್ತಿಕೊಂಡಿದ್ದವು. ಅವುಗಳ ತುದಿಗೆ ಸೀಮೆಸುಣ್ಣದಲ್ಲಿ, ಮತ್ತೆ ಜೋಡಿಸುವ ಕ್ರಮದಲ್ಲಿ, ಒಂದು, ಎರಡು, ಮೂರು ಎಂದು ಗುರುತು ಹಾಕಿತ್ತು. ಅಪ್ಪ ಈಗ ಪಕ್ಕದ ಬೀದಿಯಲ್ಲಿ ಬೇರೆಯವರ ಮಗ್ಗಕ್ಕೆ ಕೂರುತ್ತಾನೆ.

ಕಳೆದ ಭಾನುವಾರ ಊಟವಾದ ಮೇಲೆ ಅಪ್ಪ ಹೊಸ್ತಿಲ ಬಳಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ನಾನು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ಕಲ್ಲಿನ ಕೆಳಗೆ ಮರಳು, ಮರಳಿನ ಕೆಳಗೆ ನನ್ನ ಜಾಗ.

"ಲೋಕಿ, ಮನೇಲಿ ಸದ್ದೇ ಇಲ್ಲ ಕಣ್ಲಾ" ಎಂದ ಅಪ್ಪ. "ಬಾಯ್ನಲ್ಲಾದ್ರೂ ಒಸಿ ನೇಯಿ."

ಅಡುಗೆಮನೆಯಲ್ಲಿ ಅವ್ವನ ಪಾತ್ರೆಯ ಸದ್ದು ನಿಂತಿತು. ನಾನು ಶುರು ಮಾಡಿದೆ. ಟಕ್ ಬಂತು. ಸುಯ್ಯ್ ಬಂತು, ಸ್ವಲ್ಪ ಹೆಚ್ಚೇ ಬಂತು. ದಬ್ ಬರಲಿಲ್ಲ, ಎಡತುಟಿ ಕೂಡಿಕೊಳ್ಳುವುದಿಲ್ಲ, ಗಾಳಿ ಸೋರಿ ಹೋಗುತ್ತದೆ. ಮತ್ತೆ ಹಿಡಿದೆ. ನಾಲ್ಕು ಎಳೆ ಹೋಗುವಷ್ಟು ನಡೆಯಿತು. ಐದನೆಯದಕ್ಕೆ ತಡವರಿಸಿದೆ.

ಅಪ್ಪ ಸುಣ್ಣದ ಬೆರಳು ಮೇಲೆತ್ತಿದ. "ನಿಲ್ಸು. ಎಳೆ ಕಡೀತು."

ನಿಲ್ಲಿಸಿದೆ.

"ಗಂಟಾಕ್ಕಂಡು ಮುಂದ್ಕೋಗು."

ಗಂಟು ಹಾಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನು ಸುಮ್ಮನೆ ಕೂತಿದ್ದೆ. ಅಪ್ಪನೂ ಎಲೆ ಮಡಿಸದೆ ಕಾಯುತ್ತಿದ್ದ. ಆಮೇಲೆ, "ಆಯ್ತಾ?" ಎಂದ.

ನನಗೆ ಈಗ ಬಾಯಿ ಬರುತ್ತದೆ. ಆದರೂ ಮೇಲೆ ನೋಡಿದೆ.